ಕಾರ್ಡ್ ಐತಿ, ಎಲ್ಲಾ ಫ್ರೀ ಏನ್ರಿ? ಆರೋಗ್ಯ ವಿಮೆಯ ಹೊಸ ಕಾಯ್ದೆ-ನಿಯಮಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಯಾವುದೇ ದೊಡ್ಡ ಆಸ್ಪತ್ರೆಯ ಕೌಂಟರ್ ಮುಂದೆ ಅರ್ಧ ಗಂಟೆ ನಿಂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಕಾರ್ಡ್ ಐತ್ರಿ ನಮ್ಮದು." ಯಾವ ಕಾರ್ಡು ಎಂದು ಕೇಳಿದರೆ ಉತ್ತರ ತಡವರಿಸುತ್ತದೆ. ಅದು ಪಡಿತರ ಚೀಟಿ ಇರಬಹುದು, ಆಯುಷ್ಮಾನ್ ಕಾರ್ಡ್ ಇರಬಹುದು. ಆಭಾ, ಯಶಸ್ವಿನಿ, ಇಎಸ್‌ಐ (ನೌಕರರ ರಾಜ್ಯ ವಿಮೆ), ಖಾಸಗಿ ಕಂಪನಿಯ ಪಾಲಿಸಿ ಅಥವಾ ಬ್ಯಾಂಕಿನವರು ವರ್ಷಕ್ಕೆ 20 ರೂಪಾಯಿ ಕಡಿದುಕೊಳ್ಳುವ ವಿಮೆಯೂ ಇರಬಹುದು. ಒಂದೊಂದಕ್ಕೂ ಬೇರೆ ಕಾಯ್ದೆ, ಬೇರೆ ತಿಜೋರಿ, ಬೇರೆ ಬಾಗಿಲು. ಒಂದರ ನಿಯಮವನ್ನು ಇನ್ನೊಂದಕ್ಕೆ ಹಚ್ಚಿದಾಗಲೇ ಹೆಚ್ಚಿನ ತಪ್ಪು ತಿಳಿವಳಿಕೆ ಹುಟ್ಟುತ್ತದೆ. ಕೆಳಗಿನ ಪ್ರಶ್ನೆಗಳೆಲ್ಲ ಅಂಥವೇ.

"ಸಬ್‌ಕಾ ಬಿಮಾ" ಅಂತ ಹೊಸ ಕಾಯ್ದೆ ಆಗಿದೆಯಲ್ಲ, ಇನ್ನು ಎಲ್ಲರಿಗೂ ಸರ್ಕಾರವೇ ವಿಮೆ ಮಾಡಿಸುತ್ತದೆಯೇ?

ಇಲ್ಲ. ಹೆಸರು ಕೇಳಿದರೆ ಹಾಗೆ ಅನ್ನಿಸುವುದು ಸಹಜ. 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ "ಸಬ್‌ಕಾ ಬಿಮಾ ಸಬ್‌ಕೀ ರಕ್ಷಾ" ಕಾಯ್ದೆ ಒಂದು ತಿದ್ದುಪಡಿ. 1938ರ ವಿಮಾ ಕಾಯ್ದೆ, 1956ರ ಎಲ್‌ಐಸಿ ಕಾಯ್ದೆ ಮತ್ತು 1999ರ ವಿಮಾ ನಿಯಂತ್ರಣ ಪ್ರಾಧಿಕಾರದ ಕಾಯ್ದೆ, ಈ ಮೂರನ್ನೂ ಅದು ತಿದ್ದುತ್ತದೆ. ಹೆಚ್ಚು ಸುದ್ದಿಯಾದದ್ದು ವಿದೇಶಿ ಬಂಡವಾಳದ ಮಿತಿ. 2015ರಲ್ಲಿ ಶೇ 26ರಿಂದ 49ಕ್ಕೆ, 2021ರಲ್ಲಿ 74ಕ್ಕೆ ಏರಿದ್ದ ಮಿತಿ ಈಗ ಶೇ 100. ಅಂದರೆ ಇದು ಕಂಪನಿಯನ್ನು ಯಾರು ಕಟ್ಟಬಹುದು, ಅದನ್ನು ಯಾರು ಹೇಗೆ ಹತೋಟಿಯಲ್ಲಿಡಬೇಕು ಎಂಬುದರ ಕಾಯ್ದೆ. ನಿಮ್ಮ ಮನೆಗೆ ಪಾಲಿಸಿ ತಂದುಕೊಡುವ ಕಾಯ್ದೆ ಅಲ್ಲ. "ಹೊಸ ಕಾಯ್ದೆ ಪ್ರಕಾರ ನಿಮ್ಮ ಹೆಸರು ಬಂದಿದೆ, ನೋಂದಣಿಗೆ 500 ರೂಪಾಯಿ ಕಳಿಸಿ" ಎಂದು ಯಾರಾದರೂ ಫೋನ್ ಮಾಡಿದರೆ ಅದು ಮೋಸ.

ಹಾಗಾದರೆ ಒಂದು ಗಂಟೆಯಲ್ಲಿ ಮಂಜೂರಾತಿ, ಮೂರು ಗಂಟೆಯಲ್ಲಿ ಡಿಸ್ಚಾರ್ಜ್ ಅನ್ನುವುದು ಯಾವ ಕಾಯ್ದೆ?

ಅದು ಸಂಸತ್ತಿನ ಕಾಯ್ದೆಯಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಮೇ 29ರಂದು ಹೊರಡಿಸಿದ ಮಾಸ್ಟರ್ ಸುತ್ತೋಲೆಯ ಮಾತು ಅದು. ಕಂಪನಿಗಳು ಅದನ್ನು ಪಾಲಿಸಲೇಬೇಕು. ಆದರೆ ಅದು ಕಟ್ಟಿಹಾಕುವುದು ಪಾಲಿಸಿ ಮಾರುವ ವಿಮಾ ಕಂಪನಿಗಳನ್ನು. ಆಯುಷ್ಮಾನ್ ಕಾರ್ಡಿನವರು ಅಥವಾ ಇಎಸ್‌ಐನವರು ಆ ಸುತ್ತೋಲೆ ಹಿಡಿದು ಜಗಳ ಮಾಡಿದರೆ ಪ್ರಯೋಜನವಿಲ್ಲ, ಅವರ ಬಾಗಿಲೇ ಬೇರೆ.

ಇನ್ನೊಂದು ಗೊಂದಲ ಗಡಿಯಾರದ್ದು. ಡಾಕ್ಟರು ರೌಂಡ್ಸ್‌ಗೆ ಬಂದು "ನಾಳೆ ಯಾಕೆ, ಇವತ್ತೇ ಹೋಗ್ರಿ" ಅಂದ ಕ್ಷಣದಿಂದ ಮೂರು ಗಂಟೆ ಶುರುವಾಗುವುದಿಲ್ಲ. ಆಸ್ಪತ್ರೆ ಅಂತಿಮ ಬಿಲ್ಲು, ಡಿಸ್ಚಾರ್ಜ್ ಸಾರಾಂಶ ಸೇರಿಸಿ ಕಂಪನಿಗೆ ಕಳಿಸಿದ ಹೊತ್ತಿನಿಂದ ಎಣಿಕೆ. ಉಳಿದ ಮಾತ್ರೆ ಫಾರ್ಮಸಿಗೆ ವಾಪಸ್ ಹೋಗಿ ಕ್ರೆಡಿಟ್ ಬೀಳಬೇಕು, ಸಾರಾಂಶ ಟೈಪ್ ಆಗಿ ಡಾಕ್ಟರ ಸಹಿ ಬೀಳಬೇಕು, ಲ್ಯಾಬ್ ವರದಿಗಳು ಸ್ಕ್ಯಾನ್ ಆಗಬೇಕು. ಮಧ್ಯಾಹ್ನ ತಡವಾಗುವುದು ಬಹುಪಾಲು ಇಲ್ಲೇ. ಆದ್ದರಿಂದ ಡಿಸ್ಚಾರ್ಜ್ ಮಾತು ಬಂದ ಕೂಡಲೇ ಔಷಧಿ ವಾಪಸ್ ಮಾಡಿಸಿ. ಆಮೇಲೆ ವಿಮಾ ಡೆಸ್ಕಿಗೆ ಹೋಗಿ "ಫೈನಲ್ ಬಿಲ್ ಎಷ್ಟು ಹೊತ್ತಿಗೆ ಕಳಿಸಿದ್ರಿ?" ಎಂದು ಕೇಳಿ ಆ ಸಮಯ ಬರೆದಿಟ್ಟುಕೊಳ್ಳಿ. ಅಲ್ಲಿಂದ ಮೂರು ಗಂಟೆ ಮೀರಿ, ಅದಕ್ಕಾಗಿ ಆಸ್ಪತ್ರೆ ಹೆಚ್ಚುವರಿ ಶುಲ್ಕ ಹಾಕಿದರೆ ಅದನ್ನು ಕಂಪನಿಯೇ ತನ್ನ ಷೇರುದಾರರ ನಿಧಿಯಿಂದ ಕೊಡಬೇಕು. ಬರೆದಿಟ್ಟ ಸಮಯವೇ ನಿಮ್ಮ ಸಾಕ್ಷಿ.

ಆಭಾ ಕಾರ್ಡ್ ಮಾಡಿಸಿದ್ದೇವೆ. 5 ಲಕ್ಷ ಬರುತ್ತದೆ, ಅಲ್ಲವೇ?

ಇಲ್ಲ. ಆಭಾ ಎಂದರೆ 14 ಅಂಕಿಯ ಒಂದು ಸಂಖ್ಯೆ. ನಿಮ್ಮ ವರದಿ, ಚೀಟಿಗಳನ್ನು ಡಿಜಿಟಲ್ ಆಗಿ ಒಂದೆಡೆ ಜೋಡಿಸಲು ಅಷ್ಟೇ. ಅದರಲ್ಲಿ ಒಂದು ರೂಪಾಯಿ ವಿಮೆಯೂ ಇಲ್ಲ. ಯಾರು ಬೇಕಾದರೂ ಮಾಡಿಸಬಹುದು, ಕೋಟ್ಯಧೀಶರೂ ಸಹ. 5 ಲಕ್ಷದ ಲೆಕ್ಕ ಇರುವುದು "ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ" ಯೋಜನೆಯಲ್ಲಿ.

ಆ 5 ಲಕ್ಷ ತಲೆಗೆ 5 ಲಕ್ಷವೇ? ಖಾತೆಗೆ ಜಮಾ ಆಗುತ್ತದೆಯೇ?

ಎರಡೂ ಅಲ್ಲ. ಬಿಪಿಎಲ್ ಕುಟುಂಬಕ್ಕೆ ಒಂದು ವರ್ಷಕ್ಕೆ, ಮನೆಯವರೆಲ್ಲ ಸೇರಿ 5 ಲಕ್ಷದ ಮಿತಿ. ಅತ್ತೆಯ ಹೃದಯದ ಚಿಕಿತ್ಸೆಗೆ 2 ಲಕ್ಷ ಹೋದರೆ ಆ ವರ್ಷ ಉಳಿದವರಿಗೆ 3 ಲಕ್ಷ. ದುಡ್ಡು ಯಾರ ಖಾತೆಗೂ ಬರುವುದಿಲ್ಲ, ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನೇರವಾಗಿ ಆಸ್ಪತ್ರೆಗೆ ಕೊಡುತ್ತದೆ. ಒಂದೊಂದು ಚಿಕಿತ್ಸೆಗೂ ಒಂದು ಪ್ಯಾಕೇಜ್ ದರ ಗೊತ್ತುಮಾಡಿದ್ದಾರೆ. ಹಾಸಿಗೆ, ಔಷಧಿ, ಪರೀಕ್ಷೆ, ಊಟ ಆ ದರದಲ್ಲೇ ಸೇರಿರುತ್ತವೆ. ಪ್ಯಾಕೇಜ್ ಮಂಜೂರಾದ ಮೇಲೆ "ಇಂಜೆಕ್ಷನ್ ಹೊರಗಿಂದ ತನ್ನಿ" ಎಂದು ಚೀಟಿ ಕೊಟ್ಟರೆ, ಅದು ಪ್ಯಾಕೇಜಿನಲ್ಲಿ ಏಕೆ ಇಲ್ಲ ಎಂದು ಆರೋಗ್ಯ ಮಿತ್ರರನ್ನು, ಅಂದರೆ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಸಿಬ್ಬಂದಿಯನ್ನು, ಕೇಳಿ. ಖರ್ಚು ಮಾಡಿದ್ದರೆ ಬಿಲ್ಲು ಬಿಸಾಡಬೇಡಿ. ದೂರಿಗೆ 104 ಇದೆ.

ಕಡತದ ಮಟ್ಟದಲ್ಲಿ ಇದು ವಿಮೆಯೂ ಅಲ್ಲ, ಭರವಸೆ ಯೋಜನೆ. ಪ್ರೀಮಿಯಂ ಇಲ್ಲ, ಕಾಯುವ ಅವಧಿ ಇಲ್ಲ, ಹಳೆಯ ಕಾಯಿಲೆ ಎಂಬ ತಕರಾರೂ ಇಲ್ಲ. ಖಾಸಗಿ ಪಾಲಿಸಿಗೆ ಹೋಲಿಸಿದರೆ ಇದೇ ಈ ಯೋಜನೆಯ ದೊಡ್ಡ ಬಲ. ಜನ ಇದನ್ನು ಗಮನಿಸುವುದೇ ಕಡಿಮೆ.

ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಕಾರ್ಡ್ ತೋರಿಸಿದರೆ ಸಾಲದೇ?

ಹೆಚ್ಚು ಜನ ಎಡವುವುದು ಇಲ್ಲಿ. ಯೋಜನೆ ಶುರುವಾದಾಗ 1,650 ಚಿಕಿತ್ಸೆಗಳನ್ನು ಪಟ್ಟಿ ಮಾಡಿ, ಯಾವುದು ಎಲ್ಲಿ ಆಗಬೇಕು ಎಂದು ಹಂಚಿದರು. ಪ್ರಾಥಮಿಕ ಮತ್ತು ಸರಳ ದ್ವಿತೀಯ ಹಂತದ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ಕ್ಲಿಷ್ಟ ದ್ವಿತೀಯ ಮತ್ತು ತೃತೀಯ ಹಂತದ್ದು ಸರ್ಕಾರಿ ಆಸ್ಪತ್ರೆಯಲ್ಲಿ ಸಾಧ್ಯವಿಲ್ಲದಿದ್ದರೆ, ಅಲ್ಲಿಂದ ರೆಫರಲ್ ಪತ್ರ ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬೇಕು. ತುರ್ತು ಚಿಕಿತ್ಸೆಯ ಪಟ್ಟಿ ಬೇರೆಯೇ ಇದೆ. ಅದರಲ್ಲಿದ್ದರೆ ರೆಫರಲ್ ಬೇಡ, ನೇರ ಹೋಗಬಹುದು.

ಮುದ್ದೇಬಿಹಾಳದಲ್ಲೋ ಹುನಗುಂದದಲ್ಲೋ ಇರುವವರು ಮಂಡಿಚಿಪ್ಪು ಬದಲಾವಣೆಯಂಥ ಮುಂಚೆಯೇ ದಿನ ಗೊತ್ತುಮಾಡುವ ಆಪರೇಷನ್ನಿಗೆ ಹೊರಟಿದ್ದರೆ ಕ್ರಮ ಹೀಗೆ. ಮೊದಲು ತಾಲ್ಲೂಕು ಆಸ್ಪತ್ರೆ ಅಥವಾ ಜಿಲ್ಲಾಸ್ಪತ್ರೆಯಲ್ಲಿ ತೋರಿಸಿ, ರೆಫರಲ್ ಮಾಡಿಸಿ. ಪಡಿತರ ಚೀಟಿ ಮತ್ತು ಆಧಾರ್ ಮೂಲಪ್ರತಿ ಜೊತೆಗಿರಲಿ. ಹೋಗುವ ಆಸ್ಪತ್ರೆ ಯೋಜನೆಯಲ್ಲಿ ನೋಂದಾಯಿಸಿದ್ದು ಮಾತ್ರ ಸಾಲದು. ಮೂಳೆ, ಹೃದಯ, ಕಿಡ್ನಿ, ಕ್ಯಾನ್ಸರ್ ಹೀಗೆ ನಿಮಗೆ ಬೇಕಾದ ಆ ವಿಭಾಗಕ್ಕೇ ನೋಂದಣಿ ಇದೆಯೇ ಎಂದು ಆರೋಗ್ಯ ಮಿತ್ರರನ್ನು ಕೇಳಿ. ದಾಖಲಾಗುವ ಮೊದಲೇ ಅವರಿಗೆ ಹೇಳಿ. ಮೂರು ದಿನ ದುಡ್ಡು ಕಟ್ಟಿಕೊಂಡು ಇದ್ದು, ನಾಲ್ಕನೇ ದಿನ "ಕಾರ್ಡ್ ಐತಿ" ಎಂದರೆ ಹಿಂದಿನ ಬಿಲ್ಲನ್ನು ಪ್ಯಾಕೇಜಿಗೆ ತಿರುಗಿಸುವುದು ಭಾರಿ ಕಷ್ಟ.

ಚೀಟಿಯಲ್ಲಿ ಹೆಸರು ಇಲ್ಲದಿರುವುದು ಇನ್ನೊಂದು ಗೋಳು. ಹೊಸದಾಗಿ ಬಂದ ಸೊಸೆ, ಹುಟ್ಟಿದ ಕೂಸು, ಬೇರೆಯಾದ ತಮ್ಮ, ಇವರ ಹೆಸರು ಪಡಿತರ ಚೀಟಿಗೆ ಏರಿರುವುದಿಲ್ಲ. ಆಧಾರಿನಲ್ಲಿ "ಶಿವವ್ವ", ಚೀಟಿಯಲ್ಲಿ "ಶಿವಮ್ಮ" ಎಂದಿದ್ದರೂ ಕಂಪ್ಯೂಟರ್ ತಡೆಯುತ್ತದೆ. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಇದನ್ನು ಸರಿಮಾಡಲು ಆಗುವುದಿಲ್ಲ. ಗ್ರಾಮ ಒನ್‌ನಲ್ಲಿ ಆಯುಷ್ಮಾನ್ ಕಾರ್ಡ್ ಮಾಡಿಸುವಾಗಲೇ ಇದು ಗೊತ್ತಾಗುತ್ತದೆ, ಅದಕ್ಕೇ ಮೊದಲೇ ಮಾಡಿಸಿ.

ನಮ್ಮದು ಎಪಿಎಲ್. ನಮಗೆ ಶೇ 30 ಬಿಲ್ ಮಾಫಿ, ಹೌದೇ?

ಬಿಲ್ಲಿನ ಶೇ 30 ಅಲ್ಲ, ಪ್ಯಾಕೇಜ್ ದರದ ಶೇ 30. ವ್ಯತ್ಯಾಸ ದೊಡ್ಡದು. ಪ್ಯಾಕೇಜ್ ದರ 1 ಲಕ್ಷ ಇದ್ದರೆ ಸರ್ಕಾರದ ಪಾಲು 30,000 ರೂಪಾಯಿ. ಕುಟುಂಬಕ್ಕೆ ವರ್ಷಕ್ಕೆ ಒಟ್ಟು ಮಿತಿ 1.5 ಲಕ್ಷ. ಬಿಪಿಎಲ್ ಚೀಟಿ ರದ್ದಾದವರು ತಮಗೆ ಗೊತ್ತಿಲ್ಲದೆಯೇ ಈ ಸಾಲಿಗೆ ಬಂದು ನಿಂತಿರುತ್ತಾರೆ.

ಅಥಣಿ, ಚಿಕ್ಕೋಡಿ ಕಡೆಯವರು ಮೀರಜ್, ಸಾಂಗ್ಲಿಗೆ ಹೋಗುತ್ತೇವೆ. ಅಲ್ಲಿ ನಮ್ಮ ಕಾರ್ಡ್ ನಡೆಯುತ್ತದೆಯೇ? ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದವರಿಗೆ?

"ಆಯುಷ್ಮಾನ್ ದೇಶದ ತುಂಬ ನಡೆಯುತ್ತದೆ" ಎಂಬ ಮಾತು ಅರ್ಧ ಸತ್ಯ. 2011ರ ಸಾಮಾಜಿಕ-ಆರ್ಥಿಕ ಗಣತಿಯ ಆಧಾರದಲ್ಲಿ ಕೇಂದ್ರದ ಪಟ್ಟಿಗೆ ಬಂದ ಕುಟುಂಬಗಳಿಗೆ ಆ ಸೌಲಭ್ಯವಿದೆ. ಕರ್ನಾಟಕ ತನ್ನ ಖರ್ಚಿನಲ್ಲಿ, ಪಡಿತರ ಚೀಟಿ ನೋಡಿ ಸೇರಿಸಿಕೊಂಡ ಕುಟುಂಬಗಳೂ ಬಹಳ ಇವೆ. ಅವರಿಗೆ ಗಡಿ ದಾಟಿದರೆ ಖಾತ್ರಿಯಿಲ್ಲ. ಎರಡೂ ಕಾರ್ಡುಗಳು ನೋಡಲು ಒಂದೇ ಥರ. ಹೊರಡುವ ಮುಂಚೆ 14555ಕ್ಕೆ ಕರೆ ಮಾಡಿ ನಿಮ್ಮ ಕುಟುಂಬ ಕೇಂದ್ರದ ಪಟ್ಟಿಯಲ್ಲಿದೆಯೇ, ಆ ಊರಿನ ಆ ಆಸ್ಪತ್ರೆ ನೋಂದಾಯಿತವೇ, ಈ ಎರಡನ್ನೂ ಕೇಳಿ. ಖಾಸಗಿ ಪಾಲಿಸಿಗೆ ರಾಜ್ಯದ ಗಡಿಯ ತಕರಾರಿಲ್ಲ. ಆಸ್ಪತ್ರೆ ಕಂಪನಿಯ ನೆಟ್‌ವರ್ಕ್‌ನಲ್ಲಿ ಇದ್ದರೆ ಸಾಕು.

ಯಶಸ್ವಿನಿ ನಿಂತುಹೋಯಿತಲ್ಲ?

2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಸೇರಿಹೋಗಿದ್ದು ನಿಜ. 2003ರಲ್ಲಿ ರೈತ ಸಹಕಾರಿಗಳಿಗಾಗಿ ಶುರುವಾದ ಈ ಯೋಜನೆಯನ್ನು ಮತ್ತೆ ಜೀವಂತ ಮಾಡಿದ್ದಾರೆ, 2023ರ ಜನವರಿಯಿಂದ ಚಿಕಿತ್ಸೆ ಸಿಗುತ್ತಿದೆ. ಮರುಜೀವ ಕೊಟ್ಟಾಗ ಗೊತ್ತುಮಾಡಿದ ವಂತಿಗೆ ಗ್ರಾಮೀಣ ಭಾಗದ ನಾಲ್ವರ ಕುಟುಂಬಕ್ಕೆ 500, ನಗರದವರಿಗೆ 1,000 ರೂಪಾಯಿ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ಮಿತಿ. ಪ್ಯಾಕ್ಸ್ (ಪ್ರಾಥಮಿಕ ಕೃಷಿ ಪತ್ತಿನ ಸಂಘ), ಹಾಲಿನ ಸಂಘ, ನೇಕಾರರ ಸಂಘದಂಥ ಸಹಕಾರಿ ಸಂಸ್ಥೆಯ ಸದಸ್ಯತ್ವ ಇರಬೇಕು. ರಬಕವಿ-ಬನಹಟ್ಟಿ, ಇಳಕಲ್ಲಿನ ನೇಕಾರರು ತಮ್ಮ ಸಂಘದ ಕಾರ್ಯದರ್ಶಿಯನ್ನೇ ಕೇಳಬೇಕು. ನೋಂದಣಿಗೆ ಗೊತ್ತಾದ ಅವಧಿ ಇರುತ್ತದೆ. ನೋವು ಕಾಣಿಸಿಕೊಂಡ ಮೇಲೆ ಓಡಿಬಂದರೆ ಬಾಗಿಲು ಮುಚ್ಚಿರುತ್ತದೆ.

ಬ್ಯಾಂಕಿನವರು ವರ್ಷಾ 20 ರೂಪಾಯಿ, 436 ರೂಪಾಯಿ ತೆಗೆಯುತ್ತಾರೆ. ಅದರಲ್ಲಿ ಆಸ್ಪತ್ರೆ ಖರ್ಚು ಬರುವುದಿಲ್ಲವೇ?

ಬರುವುದಿಲ್ಲ. 20 ರೂಪಾಯಿಯದು ಪ್ರಧಾನಮಂತ್ರಿ ಸುರಕ್ಷಾ ಬಿಮಾ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಊನವಾದರೆ ಗರಿಷ್ಠ 2 ಲಕ್ಷ. 436ರದು ಜೀವನಜ್ಯೋತಿ, ಅದು ಸತ್ತರೆ ಮಾತ್ರ ಬರುವ ದುಡ್ಡು. ಎರಡೂ ಜೂನ್ 1ರಿಂದ ಮೇ 31ರ ತನಕ. ಮೇ ಕೊನೆಯಲ್ಲಿ ಖಾತೆ ಖಾಲಿ ಇದ್ದರೆ ಕಂತು ಕಡಿತವಾಗದೆ ವಿಮೆ ಬಿಟ್ಟುಹೋಗುತ್ತದೆ, ಯಾರೂ ಮನೆಗೆ ಬಂದು ಹೇಳುವುದಿಲ್ಲ.

ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಇಎಸ್‌ಐ ಕಾಯ್ದೆ ನಮಗೆ ಅನ್ವಯಿಸಲೇಬೇಕಲ್ಲ?

ಈ ಭಾಗಕ್ಕೆ ಇದು ಮುಖ್ಯ ಪ್ರಶ್ನೆ, ಉತ್ತರ ಬೇಸರದ್ದು. 10 ಅಥವಾ ಹೆಚ್ಚು ನೌಕರರು, ತಿಂಗಳ ಸಂಬಳ 21,000ದ ಒಳಗೆ ಎಂಬ ಸಾಮಾನ್ಯ ನಿಯಮ ಎಲ್ಲರಿಗೂ ಗೊತ್ತು. ಆದರೆ 1948ರ ಇಎಸ್‌ಐ ಕಾಯ್ದೆಯೇ "ಹಂಗಾಮಿ ಕಾರ್ಖಾನೆ"ಗಳನ್ನು, ಅಂದರೆ ಹಂಗಾಮಿನ ಕೆಲಸದ ಕಾರ್ಖಾನೆಗಳನ್ನು, ಹೊರಗಿಟ್ಟಿತ್ತು. ಹತ್ತಿ ಜಿನ್ನಿಂಗ್, ಶೇಂಗಾ ಸುಲಿಯುವುದು, ಸಕ್ಕರೆ ಮತ್ತು ಬೆಲ್ಲ ತಯಾರಿಕೆ ಆ ಪಟ್ಟಿಯಲ್ಲಿ ಹೆಸರು ಹಿಡಿದು ಬರುತ್ತವೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಹಂಗಾಮಿ ಕಾರ್ಖಾನೆಗಳಿಗೆ ಆ ವಿನಾಯಿತಿಯನ್ನು ಉಳಿಸಿಕೊಂಡಿದೆ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳಲ್ಲಿ ದುಡಿಯುವ ಮಂದಿಯನ್ನು ನೆನೆದರೆ, ಸುಧಾರಣೆ ಮುಟ್ಟಬೇಕಾಗಿದ್ದ ಜಾಗ ಇದೇ ಆಗಿತ್ತು.

ಸಂಬಳದ ಚೀಟಿ ತೆಗೆದು ನೋಡಿ. ನೌಕರನ ಪಾಲು ಶೇ 0.75 ಕಡಿತವಾಗುತ್ತಿದ್ದರೆ ನೀವು ಇಎಸ್‌ಐ ಒಳಗಿದ್ದೀರಿ, ಮಾಲೀಕ ಶೇ 3.25 ಸೇರಿಸಬೇಕು. ಕಡಿತವಿಲ್ಲದಿದ್ದರೆ ಕಾರ್ಖಾನೆ ಗುಂಪು ಪಾಲಿಸಿ ಮಾಡಿಸಿದೆಯೇ ಕೇಳಿ, ಅದರ ಪ್ರತಿ ಕೈಗೆ ತೆಗೆದುಕೊಳ್ಳಿ. ಗುಂಪು ಪಾಲಿಸಿ ಕೆಲಸ ಬಿಟ್ಟ ದಿನ ಮುಗಿಯುತ್ತದೆ ಎಂಬುದೂ ನೆನಪಿರಲಿ.

ಹೊಸ ನಿಯಮದಲ್ಲಿ ಶುಗರ್, ಬಿಪಿ ಎಲ್ಲದಕ್ಕೂ ಮೊದಲ ದಿನದಿಂದಲೇ ಕ್ಲೇಮ್ ಸಿಗುತ್ತದೆ ಅಂತ ಏಜೆಂಟ್ ಹೇಳಿದ. ನಿಜವೇ?

ನಿಯಮ ಹಾಗೆ ಹೇಳುವುದಿಲ್ಲ. 2024ರ ಏಪ್ರಿಲ್ 1ರಿಂದ ಬಂದ ಬದಲಾವಣೆ ಇಷ್ಟೇ: ಮೊದಲೇ ಇದ್ದ ಕಾಯಿಲೆಗೆ ಕಾಯಿಸಬಹುದಾದ ಗರಿಷ್ಠ ಅವಧಿ 48 ತಿಂಗಳಿಂದ 36ಕ್ಕೆ ಇಳಿದಿದೆ. ಕೆಲವು ಪಾಲಿಸಿಗಳು ಹೆಚ್ಚು ಪ್ರೀಮಿಯಂ ತೆಗೆದುಕೊಂಡು ಇನ್ನೂ ಬೇಗ ಕೊಡುತ್ತವೆ. ಅದು ಆ ಪಾಲಿಸಿಯ ಗುಣ, ಕಾನೂನಿನ ಹಕ್ಕಲ್ಲ. ಅಪಘಾತ ಬಿಟ್ಟು ಉಳಿದದ್ದಕ್ಕೆ ಮೊದಲ 30 ದಿನ ಸಾಮಾನ್ಯವಾಗಿ ಏನೂ ಇಲ್ಲ. ಹರ್ನಿಯಾ, ಕಣ್ಣಿನ ಪೊರೆ, ಮಂಡಿಚಿಪ್ಪು, ಪಿತ್ತಕೋಶದ ಕಲ್ಲಿನಂಥವಕ್ಕೆ ಬೇರೆ ಕಾಯುವ ಅವಧಿ ಇರುತ್ತದೆ, ಹೆಚ್ಚಾಗಿ ಎರಡು ವರ್ಷ.

ಏಜೆಂಟರ ಮಾತನ್ನು ಪರೀಕ್ಷಿಸಲು ಸುಲಭ ದಾರಿ ಇದೆ. 2024ರ ಜನವರಿ 1ರಿಂದ ಪಾಲಿಸಿಯ ಜೊತೆ ಸರಳ ಭಾಷೆಯ ಗ್ರಾಹಕ ಮಾಹಿತಿ ಹಾಳೆ ಕೊಡಲೇಬೇಕು. ಕಾಯುವ ಅವಧಿ, ಕೋಣೆ ಬಾಡಿಗೆ ಮಿತಿ, ಯಾವುದಕ್ಕೆ ಕೊಡುವುದಿಲ್ಲ, ಎಲ್ಲ ಅದರಲ್ಲೇ ಇದೆ. ಓದಿ ಮನಸ್ಸಿಗೆ ಬಾರದಿದ್ದರೆ ಪಾಲಿಸಿ ಕೈಸೇರಿದ 30 ದಿನದೊಳಗೆ ವಾಪಸ್ ಮಾಡಬಹುದು.

ಐದು ವರ್ಷ ಕಟ್ಟಿದ ಮೇಲೆ ಕಂಪನಿ ಕ್ಲೇಮ್ ತಿರಸ್ಕರಿಸುವ ಹಾಗೇ ಇಲ್ಲವಂತೆ. ಕೆಲವರು ಮೂರು ವರ್ಷ ಅನ್ನುತ್ತಾರೆ.

ಮೂರು ವರ್ಷದ ಮಾತು ಜೀವ ವಿಮೆಯದು, ವಿಮಾ ಕಾಯ್ದೆಯ 45ನೇ ಕಲಂ. ಆರೋಗ್ಯ ವಿಮೆಯದು 60 ತಿಂಗಳು. ಮೊದಲು 8 ವರ್ಷ ಇತ್ತು. 60 ತಿಂಗಳು ಬಿಡದೆ ನಡೆಸಿದ ಪಾಲಿಸಿಯಲ್ಲಿ "ನೀವು ಕಾಯಿಲೆ ಮುಚ್ಚಿಟ್ಟಿದ್ದಿರಿ" ಎಂದು ತಕರಾರು ತೆಗೆಯುವಂತಿಲ್ಲ. ಆದರೆ ವಂಚನೆ ಸಾಬೀತಾದರೆ ತೆಗೆಯಬಹುದು. ಪಾಲಿಸಿಯಲ್ಲಿ ಹೊರಗಿಟ್ಟ ಚಿಕಿತ್ಸೆಗೆ ಎಷ್ಟು ವರ್ಷವಾದರೂ ಸಿಗುವುದಿಲ್ಲ. ನಡುವೆ ಮೊತ್ತವನ್ನು 3 ಲಕ್ಷದಿಂದ 10ಕ್ಕೆ ಏರಿಸಿದ್ದರೆ, ಏರಿಸಿದ 7 ಲಕ್ಷಕ್ಕೆ ಎಣಿಕೆ ಅಂದಿನಿಂದ ಹೊಸದಾಗಿ ಶುರು.

ಸುಳ್ಳು ಹೇಳದವರೂ ಸಿಕ್ಕಿಬೀಳುವ ಒಂದು ಜಾಗವಿದೆ, ಕ್ಯಾಜುವಾಲ್ಟಿ. ರಾತ್ರಿ ಎದೆನೋವಿನಿಂದ ಬಂದವರ ಜೊತೆಗಿದ್ದ ಅಳಿಯನನ್ನು ಕಿರಿಯ ವೈದ್ಯರು ಕೇಳುತ್ತಾರೆ: "ಶುಗರ್ ಎಷ್ಟು ದಿನದಿಂದ ಐತಿ?" ಅವನು ಗಾಬರಿಯಲ್ಲಿ "ಬಹಳ ವರ್ಷ ಆತ್ರಿ, ಹತ್ತು ಇರಬೇಕು" ಅನ್ನುತ್ತಾನೆ. ಕೇಸ್ ಶೀಟಿನಲ್ಲಿ "10 ವರ್ಷ" ಎಂದು ಬೀಳುತ್ತದೆ, ಅದೇ ಡಿಸ್ಚಾರ್ಜ್ ಸಾರಾಂಶಕ್ಕೆ ಇಳಿಯುತ್ತದೆ. ಪಾಲಿಸಿ ಮಾಡಿಸಿ ನಾಲ್ಕು ವರ್ಷ, ಶುಗರ್ ಪತ್ತೆಯಾಗಿ ಎರಡೇ ವರ್ಷ ಆಗಿದ್ದರೂ ಕಂಪನಿಗೆ ಕಾಣುವುದು ಆ ಹತ್ತು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಮೊದಲ ಬಾರಿ ಪತ್ತೆಯಾದ ಚೀಟಿ, ಲ್ಯಾಬ್ ವರದಿ ಜೋಪಾನವಾಗಿಡಿ. ತಪ್ಪು ಬಿದ್ದಿದ್ದರೆ ಡಿಸ್ಚಾರ್ಜ್‌ಗೆ ಮುಂಚೆಯೇ ಆ ಹಳೆಯ ಚೀಟಿ ತೋರಿಸಿ, ಚಿಕಿತ್ಸೆ ಕೊಟ್ಟ ವೈದ್ಯರಿಂದ ತಿದ್ದುಪಡಿ ಪತ್ರ ಬರೆಸಿಕೊಳ್ಳಿ. ಮನೆಗೆ ಬಂದು ತಿಂಗಳಾದ ಮೇಲೆ ತಂದ ಪತ್ರಕ್ಕೆ ಅಷ್ಟು ತೂಕ ಇರುವುದಿಲ್ಲ.

ಪಾಲಿಸಿ 5 ಲಕ್ಷದ್ದು, ಬಿಲ್ಲು 1.86 ಲಕ್ಷ. ಆದರೂ 54,000 ಕೈಯಿಂದ ಕಟ್ಟಿಸಿಕೊಂಡರು. ಇದು ಅನ್ಯಾಯವಲ್ಲವೇ?

ಇದು ಕೋಣೆ ಬಾಡಿಗೆಯ ಲೆಕ್ಕ. ಪಾಲಿಸಿಯಲ್ಲಿ ದಿನದ ಬಾಡಿಗೆ ವಿಮಾ ಮೊತ್ತದ ಶೇ 1, ಅಂದರೆ 5,000 ರೂಪಾಯಿ ಎಂದಿದೆ ಅಂದುಕೊಳ್ಳಿ. ದಿನಕ್ಕೆ 8,000ದ ಕೋಣೆ ಹಿಡಿದು ನಾಲ್ಕು ದಿನ ಇದ್ದಿರಿ. "ಹೆಚ್ಚಿನ 12,000 ನಾವು ಕೊಟ್ಟರಾಯಿತು" ಎಂಬುದೇ ತಪ್ಪು ತಿಳಿವಳಿಕೆ. ಕೋಣೆ ದೊಡ್ಡದಾದಂತೆ ಅದೇ ಆಸ್ಪತ್ರೆ ಡಾಕ್ಟರ ಶುಲ್ಕ, ಆಪರೇಷನ್ ಥಿಯೇಟರ್, ನರ್ಸಿಂಗ್ ದರವನ್ನೂ ಏರಿಸುತ್ತದೆ. ಹಾಗಾಗಿ ಕಂಪನಿ ಅವನ್ನೂ ಅದೇ ಪ್ರಮಾಣದಲ್ಲಿ, ಎಂಟರಲ್ಲಿ ಐದು ಪಾಲಿಗೆ ಕತ್ತರಿಸುತ್ತದೆ.

ಕೋಣೆ ಬಾಡಿಗೆ 32,000ಕ್ಕೆ ಸಿಕ್ಕಿದ್ದು 20,000. ಡಾಕ್ಟರ್, ಥಿಯೇಟರ್, ನರ್ಸಿಂಗ್ ಸೇರಿ 96,000ಕ್ಕೆ ಸಿಕ್ಕಿದ್ದು 60,000. ಔಷಧಿ, ಇಂಪ್ಲಾಂಟ್, ಪರೀಕ್ಷೆಗಳ 52,000 ಪೂರ್ತಿ ಸಿಕ್ಕಿತು. ಗ್ಲೌಸ್, ಮಾಸ್ಕ್‌ನಂಥ 6,000ಕ್ಕೆ ಸೊನ್ನೆ. ಒಟ್ಟು 1,32,000 ಬಂತು, 54,000 ನಿಮ್ಮ ಜೇಬಿನಿಂದ ಹೋಯಿತು. 5,000ದ ಕೋಣೆ ಹಿಡಿದಿದ್ದರೆ ಹೆಚ್ಚು-ಕಡಿಮೆ ಆ 6,000 ಮಾತ್ರ ಹೋಗುತ್ತಿತ್ತು.

ಇದರಲ್ಲಿ ಪ್ರಶ್ನಿಸಬೇಕಾದ ಜಾಗ ಒಂದಿದೆ. ಔಷಧಿ, ಬಳಕೆ ವಸ್ತು, ಇಂಪ್ಲಾಂಟ್, ಪರೀಕ್ಷೆ ಮತ್ತು ಐಸಿಯು ಶುಲ್ಕಕ್ಕೆ ಈ ಪ್ರಮಾಣದ ಕಡಿತ ಹಚ್ಚುವಂತಿಲ್ಲ. ಕಡಿತದ ಹಾಳೆ ಕೇಳಿ ಪಡೆಯಿರಿ. 52,000ಕ್ಕೂ ಕತ್ತರಿ ಬಿದ್ದಿದ್ದರೆ ದೂರು ಕೊಡಿ. ಹಾಗೆಯೇ ಕೋಣೆಗೆ ತಕ್ಕಂತೆ ದರ ಬದಲಾಗದ ಆಸ್ಪತ್ರೆಯಲ್ಲಿ ಈ ಕಡಿತಕ್ಕೇ ಆಧಾರವಿಲ್ಲ.

"ಎಲ್ಲೆಡೆ ಕ್ಯಾಶ್‌ಲೆಸ್" (ಕೈಯಿಂದ ಕಟ್ಟದೆ ಕಂಪನಿಯೇ ಆಸ್ಪತ್ರೆಗೆ ಕೊಡುವುದು) ಬಂದಮೇಲೆ ಯಾವ ಆಸ್ಪತ್ರೆಯೂ ಇಲ್ಲ ಅನ್ನುವಂತಿಲ್ಲವೇ?

ಅನ್ನಬಹುದು. ಇದು 2024ರ ಜನವರಿ 25ರಂದು ಸಾಮಾನ್ಯ ವಿಮಾ ಕಂಪನಿಗಳ ಮಂಡಳಿ ಶುರುಮಾಡಿದ ವ್ಯವಸ್ಥೆ, ಆಸ್ಪತ್ರೆಯನ್ನು ಕಟ್ಟಿಹಾಕುವ ಕಾಯ್ದೆ ಅಲ್ಲ. ನೆಟ್‌ವರ್ಕ್ ಹೊರಗಿನ ಆಸ್ಪತ್ರೆಯಾದರೆ ಮೊದಲೇ ಗೊತ್ತಿರುವ ಆಪರೇಷನ್ನಿಗೆ 48 ಗಂಟೆ ಮುಂಚೆ, ತುರ್ತಾದರೆ ದಾಖಲಾದ 48 ಗಂಟೆಯೊಳಗೆ ಕಂಪನಿಗೆ ತಿಳಿಸಬೇಕು. ಒಪ್ಪದಿದ್ದರೆ ದುಡ್ಡು ಕಟ್ಟಿ ಆಮೇಲೆ ಕ್ಲೇಮ್ ಮಾಡುವುದೇ ದಾರಿ. ಆಗ ಬೇಕಾದವು: ಡಿಸ್ಚಾರ್ಜ್ ಸಾರಾಂಶ, ವಿವರವಾದ ಬಿಲ್ಲು, ಹಣ ಕಟ್ಟಿದ ರಸೀದಿ, ಚೀಟಿ ಸಮೇತ ಔಷಧಿ ಬಿಲ್ಲು, ವರದಿಗಳು, ಸ್ಟೆಂಟ್ ಅಥವಾ ರಾಡ್ ಹಾಕಿದ್ದರೆ ಅದರ ಸ್ಟಿಕರ್, ಅಪಘಾತವಾದರೆ ಎಂಎಲ್‌ಸಿ (ಆಸ್ಪತ್ರೆಯ ಪೊಲೀಸ್ ಪ್ರಕರಣದ ದಾಖಲೆ) ಪ್ರತಿ. ಮೂಲಪ್ರತಿ ಕೊಡುವ ಮೊದಲು ಎಲ್ಲದರ ಫೋಟೊ ತೆಗೆದಿಡಿ.

ಮುಂಗಡ ಕಟ್ಟದಿದ್ದರೆ ಮುಟ್ಟುವುದಿಲ್ಲ, ಬಿಲ್ ಕಟ್ಟದಿದ್ದರೆ ಶವ ಕೊಡುವುದಿಲ್ಲ. ಇದಕ್ಕೆ ಕಾನೂನೇ ಇಲ್ಲವೇ?

ಇದೆ, ಅದರ ಮೇಲೆ ಕಾಳಗ ನಡೆದದ್ದೂ ಬೆಳಗಾವಿಯಲ್ಲೇ. 2017ರ ನವೆಂಬರಿನಲ್ಲಿ ಸುವರ್ಣ ವಿಧಾನಸೌಧದ ಅಧಿವೇಶನದ ಹೊತ್ತಿಗೆ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತರುತ್ತಿದ್ದ ತಿದ್ದುಪಡಿಯ ವಿರುದ್ಧವೇ. "ಎಲ್ಲ ಚಿಕಿತ್ಸೆಗೂ ಸರ್ಕಾರವೇ ದರ ಕಟ್ಟಿದೆ" ಎಂದು ಜನ ಇಂದಿಗೂ ನಂಬಿದ್ದಾರೆ. ಮೊದಲ ಕರಡಿನ ಆ ಮಾತು ಕೊನೆಗೆ ಉಳಿಯಲಿಲ್ಲ, ಸರ್ಕಾರಿ ಯೋಜನೆಗಳ ಚಿಕಿತ್ಸೆಗೆ ಮಾತ್ರ ದರ ನಿಗದಿ ಉಳಿಯಿತು. ಉಳಿದವರಿಗೆ ಆಸ್ಪತ್ರೆ ತನ್ನ ದರಪಟ್ಟಿಯನ್ನು ಕಾಣುವಂತೆ ಹಾಕಬೇಕು ಅಷ್ಟೇ.

ತುರ್ತು ಸ್ಥಿತಿಯಲ್ಲಿ ಮುಂಗಡಕ್ಕಾಗಿ ಚಿಕಿತ್ಸೆ ತಡೆಯುವಂತಿಲ್ಲ, ಬಾಕಿಗಾಗಿ ಶವ ಹಿಡಿದಿಡುವಂತಿಲ್ಲ ಎಂಬವು ಕಾಯ್ದೆಯಲ್ಲಿ ಉಳಿದವು. ಹಾಗೆಂದು ಬಾಕಿ ಮಾಫಿಯಾಯಿತು ಎಂದಲ್ಲ, ಆಸ್ಪತ್ರೆ ಆಮೇಲೆ ವಸೂಲಿ ಮಾಡಬಹುದು. ದೂರು ಕೊಡಬೇಕಾದ್ದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ, ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯ ಮೂಲಕ.

ಕಬ್ಬಿನ ಟ್ರ್ಯಾಕ್ಟರ್ ಬಡಿದು ಬಿದ್ದವರಿಗೆ ಯಾವ ಕಾರ್ಡ್ ಬೇಕು?

ಯಾವುದೂ ಬೇಡ. 2025ರ ಮೇ 5ರಿಂದ ಮೋಟಾರು ವಾಹನ ಕಾಯ್ದೆಯಡಿ, ಯಾವುದೇ ರಸ್ತೆಯಲ್ಲಿ ಮೋಟಾರು ವಾಹನದಿಂದ ಗಾಯಗೊಂಡವರಿಗೆ ಅಪಘಾತದ ದಿನದಿಂದ 7 ದಿನದವರೆಗೆ 1.5 ಲಕ್ಷದ ತನಕ ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ ನಗದುರಹಿತ ಚಿಕಿತ್ಸೆ ಇದೆ. ಬೇರೆ ಆಸ್ಪತ್ರೆಯಾದರೆ ಜೀವ ಸ್ಥಿರಗೊಳಿಸುವಷ್ಟು ಮಾತ್ರ. ಪೊಲೀಸರಿಗೆ ತಿಳಿಸದೆ "ಬಿದ್ದೆ" ಎಂದು ಬರೆಸಿದರೆ ಈ ದಾರಿಯೇ ಮುಚ್ಚುತ್ತದೆ. ಊರಿನವರ ಟ್ರ್ಯಾಕ್ಟರ್ ಎಂದು ಮುಲಾಜಿಗೆ ಹಾಗೆ ಬರೆಸುವವರು ಇದ್ದಾರೆ.

ಜಿಎಸ್‌ಟಿ ಶೇ 18 ತೆಗೆದರು, ಪ್ರೀಮಿಯಂ ಶೇ 18 ಇಳಿಯಲಿಲ್ಲ ಏಕೆ?

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬ ಪಾಲಿಸಿಗೆ ಜಿಎಸ್‌ಟಿ ಸೊನ್ನೆ. 20,000ಕ್ಕೆ 3,600 ಸೇರಿ 23,600 ಕಟ್ಟುತ್ತಿದ್ದವರು ಈಗ 20,000 ಕಟ್ಟುತ್ತಾರೆ. ಇಳಿದದ್ದು ಒಟ್ಟಿನ ಶೇ 15ರಷ್ಟು. ವಯಸ್ಸಿನ ಹಂತ ದಾಟಿ ಮೂಲ ದರವೇ ಏರಿದ್ದರೆ ಇಳಿಕೆ ಕಾಣುವುದೇ ಇಲ್ಲ. 60 ದಾಟಿದವರಿಗೆ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ಮೊದಲು ಪ್ರಾಧಿಕಾರದ ಜೊತೆ ಮಾತಾಡಬೇಕು. 2025ರ ಜನವರಿಯಿಂದ ಈ ನಿಯಮವಿದೆ.

ಹೋದ ವರ್ಷ ಕ್ಲೇಮ್ ಮಾಡಿದ್ದೆವು. ಈ ವರ್ಷ ನವೀಕರಣ ನಿಲ್ಲಿಸಬಹುದೇ?

ಆ ಕಾರಣಕ್ಕೆ ನಿಲ್ಲಿಸುವಂತಿಲ್ಲ. ಕಂತು ತಪ್ಪಿದರೆ ಕಟ್ಟಲು 30 ದಿನ, ತಿಂಗಳ ಕಂತಾದರೆ 15 ದಿನ ಹೆಚ್ಚುವರಿ ಕಾಲಾವಕಾಶ ಇದೆ. ಬೇರೆ ಕಂಪನಿಗೆ ಹೋಗುವವರು ನವೀಕರಣಕ್ಕೆ ಕನಿಷ್ಠ 45 ದಿನ ಮುಂಚೆ ಅರ್ಜಿ ಹಾಕಿದರೆ ಕಾದ ವರ್ಷಗಳು ಜೊತೆಗೇ ಹೋಗುತ್ತವೆ.

ಕ್ಲೇಮ್ ತಿರಸ್ಕರಿಸಿದರು. ಮುಂಬೈಗೆ ಹೋಗಿ ಕೇಸ್ ಹಾಕಬೇಕೇ?

ಬೇಡ. ಮೊದಲು ತಿರಸ್ಕಾರದ ಪತ್ರ ಬರಹದಲ್ಲಿ ತೆಗೆದುಕೊಳ್ಳಿ. ಪಾಲಿಸಿಯ ಯಾವ ಷರತ್ತಿನಡಿ ತಿರಸ್ಕಾರ ಎಂದು ಅದರಲ್ಲಿರಬೇಕು. ಕಂಪನಿಯ ಪರಿಶೀಲನಾ ಸಮಿತಿ ಒಪ್ಪದೆ ಕ್ಲೇಮ್ ತಿರಸ್ಕರಿಸುವಂತಿಲ್ಲ ಎಂಬುದೂ 2024ರ ನಿಯಮ. ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಟ್ಟು ಒಂದು ತಿಂಗಳು ಕಾಯಿರಿ. ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣ ಅಥವಾ 155255ರಲ್ಲೂ ದಾಖಲಿಸಬಹುದು. ಉತ್ತರ ಬಾರದಿದ್ದರೆ, ಬಂದದ್ದು ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ (ವಿಮೆಯ ತಕರಾರು ತೀರ್ಮಾನಿಸುವ ಅಧಿಕಾರಿ) ಬರೆಯಿರಿ. ಶುಲ್ಕವಿಲ್ಲ, ವಕೀಲರು ಬೇಡ, ವಿಚಾರಣೆ ವಿಡಿಯೊದಲ್ಲೂ ಆಗುತ್ತದೆ. 50 ಲಕ್ಷದವರೆಗಿನ ಆದೇಶ ಕೊಡಬಲ್ಲರು. ಕಂಪನಿ 30 ದಿನದಲ್ಲಿ ಆದೇಶ ಪಾಲಿಸದಿದ್ದರೆ ದಿನಕ್ಕೆ 5,000 ರೂಪಾಯಿ ನಿಮಗೆ ಕೊಡಬೇಕು.

ಗ್ರಾಹಕರ ಆಯೋಗ ಇನ್ನೊಂದು ದಾರಿ. 2019ರ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ, ಎರಡು ವರ್ಷದೊಳಗೆ ದೂರು ಹಾಕಬಹುದು. ಕಂಪನಿಯ ಕಚೇರಿ ಎಲ್ಲಿದ್ದರೂ ಸರಿ. ಆದರೆ ಒಂದೇ ತಕರಾರನ್ನು ಆಯೋಗದಲ್ಲೂ ಓಂಬುಡ್ಸ್‌ಮನ್ ಬಳಿಯೂ ಒಟ್ಟಿಗೆ ನಡೆಸುವಂತಿಲ್ಲ. ಕಾಗದ ಸರಿಯಿದ್ದು ಲೆಕ್ಕದ ಜಗಳ ಮಾತ್ರ ಇದ್ದರೆ ಓಂಬುಡ್ಸ್‌ಮನ್ ಸಾಕು. ಸಾಕ್ಷಿ, ವೈದ್ಯರ ಹೇಳಿಕೆ ಬೇಕಾಗುವ ತಕರಾರಿಗೆ ಆಯೋಗ ಮೇಲು.